ಗೋಡೆಗೂ ಗಡಿಗೂ ನಡುವೆ

ಹಿಂದಿನ ಕಾಲದ ಮನೆಗಳಿಗೆ ಜಗಲಿಯೆಂಬುದೊಂದು ಇರುತ್ತಿದ್ದಿತು. ಬಾಗಿಲಿಗೆ ಈಚೆ, ಬೀದಿಗೆ ಆಚೆ ಇದ್ದ ಆ ನಾಲ್ಕಡಿ ನೆಲದ ಒಡೆತನ ಮನೆಯವನದಾದರೂ ಉಪಯೋಗ ದಾರಿಹೋಕನದು. ಬಿಸಿಲಿನಲ್ಲಿ ಬಂದವನು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನು. ಮಳೆ ಬಂದರೆ ಶಾಲೆಯ ಹುಡುಗರು ಅಲ್ಲಿಯೇ ನಿಲ್ಲುತ್ತಿದ್ದರು. ಯಾವ ಕಾನೂನೂ ಅದನ್ನು ಬಿಡಿಸಿರಲಿಲ್ಲ. ರೂಢಿಯೇ ಅದಕ್ಕೆ ಕಾನೂನಾಗಿದ್ದಿತು. ಮನೆಗಳು ಮಳಿಗೆಗಳಾದಂತೆ ಜಗಲಿ ಮಾಯವಾಯಿತು. ಜಗಲಿ ಇದ್ದೆಡೆ ಸರಳುಬಾಗಿಲು ಬಂದಿತು. ಅದರ ಮುಂದೆ ಚರಂಡಿಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಸರಕು. ರೂಢಿಯು ಬಿಡಿಸುತ್ತಿದ್ದ ಜಾಗವನ್ನು ಈಗ ಕಾನೂನು ಬಿಡಿಸಬೇಕಾಗಿದೆ. ಆ ಜಾಗಕ್ಕೆ ಎಂಜಿನಿಯರುಗಳು ಇಟ್ಟಿರುವ ಹೆಸರು ಸೆಟ್‌ಬ್ಯಾಕ್.

ಕಡೂರಿನ ಹಳೆಯ ಪೇಟೆಯ ವರ್ತಕನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ತಂದೆಯಿಂದ ಬಂದ ನಿವೇಶನ. ಅಗಲ ಹದಿನೆಂಟು ಅಡಿ, ಉದ್ದ ಎಪ್ಪತ್ತು ಅಡಿ. ಹಂಚಿನ ಮನೆಯನ್ನು ಕೆಡವಿ, ಕೆಳಗೆ ಎರಡು ಮಳಿಗೆ, ಮೇಲೆ ಎರಡು ಅಂತಸ್ತು ಕಟ್ಟಬೇಕೆಂದು ಅವನ ಆಸೆ. ಮಗಳ ಮದುವೆಗೆಂದು ಕೂಡಿಟ್ಟ ಹಣದ ಒಂದು ಪಾಲು ಇದೆ. ಉಳಿದುದಕ್ಕೆ ಬ್ಯಾಂಕಿನ ಸಾಲ. ಎಂಜಿನಿಯರು ನಕ್ಷೆ ಬರೆದು ತಂದಾಗ ಅವನ ಮುಖ ಬಾಡುತ್ತದೆ. ಮುಂದೆ ಹತ್ತು ಅಡಿ, ಹಿಂದೆ ಐದು ಅಡಿ, ಎರಡು ಪಕ್ಕಗಳಲ್ಲಿ ಮೂರು ಮೂರು ಅಡಿ ಬಿಡಬೇಕೆಂದು ಉದಾಹರಣೆಗಾಗಿ ಇಟ್ಟುಕೊಂಡರೆ, 1,260 ಚದರಡಿಯ ನಿವೇಶನದಲ್ಲಿ ಗೋಡೆಯೆಬ್ಬಿಸಲು ಉಳಿಯುವುದು ಹನ್ನೆರಡು ಅಡಿ ಅಗಲ, ಐವತ್ತೈದು ಅಡಿ ಉದ್ದ. ಎಂದರೆ 660 ಚದರಡಿ. ನಿಜವಾದ ಅಳತೆ ನಿವೇಶನದ ವಿಸ್ತೀರ್ಣ, ಎದುರಿನ ರಸ್ತೆಯ ಅಗಲ, ಕಟ್ಟಡದ ಎತ್ತರ, ಉಪಯೋಗ ಇವುಗಳನ್ನು ಅನುಸರಿಸಿ ಬದಲಾಗುತ್ತದೆ. ಆದರೆ ಚಿಕ್ಕ ನಿವೇಶನದವನ ಸಂಕಟದ ಸ್ವರೂಪ ಎಲ್ಲೆಡೆಯೂ ಇದೇ.

‘ನನ್ನ ನೆಲದಲ್ಲಿ ಅರ್ಧವನ್ನು ಗಾಳಿಗೆ ಬಿಡಬೇಕೆ?’ ಎಂದು ಅವನು ಕೇಳುತ್ತಾನೆ. ‘ವಿನಾಯಿತಿ ದೊರೆಯುವುದಿಲ್ಲವೆ?’ ಎಂಬುದು ಮರುಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ತಿಳಿಯದವನಿಗೆ ಎರಡನೆಯದನ್ನು ಕೇಳುವ ಬಗೆಯೂ ತಿಳಿಯುವುದಿಲ್ಲ.

ಪ್ಲೇಗು ಕಲಿಸಿದ ಪಾಠ

ಕಟ್ಟಡದ ಸುತ್ತ ಜಾಗ ಬಿಡಬೇಕೆಂಬ ನಿಯಮ ಅಧಿಕಾರಿಗಳ ಹಟದಿಂದ ಹುಟ್ಟಿದುದಲ್ಲ. ಅದರ ಹಿಂದೆ ಸಾವಿರಾರು ಜನರ ಸಾವಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗೋಡೆಗೆ ಗೋಡೆ ತಾಗಿದ, ಬೆಳಕು ಕಾಣದ ಓಣಿಗಳಲ್ಲಿ ಆ ಪಿಡುಗು ಹಬ್ಬಿದ ಬಗೆಯನ್ನು ಕಂಡು, 1898ರಲ್ಲಿ ಅಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಕಾಲಿಟ್ಟಿತು. ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನ ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಸರಿದರು. ಅಗಲವಾದ ರಸ್ತೆ, ಮನೆಯ ಸುತ್ತ ಅಂಗಳ, ಹಿಂಬದಿಯಲ್ಲಿ ನಿರ್ಮಲೀಕರಣದ ಓಣಿ ಇವು ಆ ಬಡಾವಣೆಗಳ ಲಕ್ಷಣಗಳಾದವು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಆರಂಭವಾಯಿತು. ಗಾಳಿ ಬೆಳಕುಗಳೂ ಸಾರ್ವಜನಿಕ ಆಸ್ತಿಯೆಂಬ ಭಾವನೆ ಈ ನಾಡಿನ ಆಡಳಿತದಲ್ಲಿ ಬೇರೂರಿದುದು ಆ ದಿನಗಳಲ್ಲಿ.

ಪ್ಲೇಗು ಹೋಯಿತು, ಕಾರಣಗಳು ಮಾತ್ರ ಹೋಗಲಿಲ್ಲ. ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಹತ್ತಿರ ಬರಲು ದಾರಿ ಬೇಕು. ಒಳಗಿದ್ದವರು ಹೊರಗೋಡಲು ತೆರಪು ಬೇಕು. ಪಕ್ಕದ ಮನೆಯ ಅಡಿಗೆಮನೆಗೆ ಬೆಳಕು ಬೇಕು. ಮಳೆಯ ನೀರು ಇಂಗಲು ಮಣ್ಣು ಬೇಕು. ಗಿರಾಕಿಯ ಗಾಡಿ ನಿಲ್ಲಲು ಸ್ಥಳ ಬೇಕು. ನಾಳೆ ರಸ್ತೆ ಅಗಲವಾದರೆ ಕಟ್ಟಡ ಉರುಳದೆ ಉಳಿಯಬೇಕು. ಈ ಕೊನೆಯ ಕಾರಣ ಸ್ವಂತ ಲಾಭದ್ದು. ಆದರೂ ಕಟ್ಟುವಾಗ ಯಾರಿಗೂ ನೆನಪಾಗದುದು ಅದೇ.

ವಿನಾಯಿತಿಯ ಹುಟ್ಟು

ವಿನಾಯಿತಿಯ ಕಲ್ಪನೆಗೂ ಒಂದು ಚರಿತ್ರೆಯಿದೆ. ನ್ಯೂಯಾರ್ಕ್ ನಗರದಲ್ಲಿ 1915ರಲ್ಲಿ ಈಕ್ವಿಟಬಲ್ ಕಟ್ಟಡವೆಂಬ 38 ಅಂತಸ್ತುಗಳ ಸೌಧವೊಂದು ಎದ್ದಿತು. ರಸ್ತೆಯ ಅಂಚಿನಿಂದ ನೆಟ್ಟಗೆ ಮೇಲೇರಿ ನಿಂತ ಅದರ ನೆರಳಿನಲ್ಲಿ ಅಕ್ಕಪಕ್ಕದ ಕಟ್ಟಡಗಳು ಬಿಸಿಲನ್ನೇ ಕಾಣದಾದವು. ಮರುವರ್ಷವೇ, 1916ರಲ್ಲಿ, ನಗರವು ವಲಯ ನಿಯಮಗಳನ್ನು ವಿಧಿಸಿ, ಎತ್ತರಕ್ಕೆ ಏರಿದಂತೆ ಕಟ್ಟಡವು ರಸ್ತೆಯಿಂದ ಹಿಂದೆ ಸರಿಯಬೇಕೆಂದು ಕಟ್ಟುಮಾಡಿತು. ಆಗಲೇ ಆಡಳಿತಗಾರರಿಗೆ ಇನ್ನೊಂದು ಸತ್ಯವೂ ಹೊಳೆಯಿತು. ಕಾನೂನು ಎಲ್ಲ ನೆಲಗಳಿಗೂ ಒಂದೇ. ಆದರೆ ನೆಲಗಳು ಒಂದೇ ಬಗೆಯವಲ್ಲ. ಮೂರುಮೂಲೆಯ ನಿವೇಶನ, ಬಂಡೆಯ ಮೇಲಿನ ನಿವೇಶನ, ರಸ್ತೆ ಕೊಯ್ದುಹೋಗಿ ಉಳಿದ ತುಂಡು ಇವುಗಳಿಗೆ ನಿಯಮವನ್ನು ಅಕ್ಷರಶಃ ಹೇರಿದರೆ ಮಾಲೀಕನ ಪಾಲಿಗೆ ಏನೂ ಉಳಿಯದು. ಅಂಥವರ ಅಹವಾಲನ್ನು ಕೇಳುವುದಕ್ಕಾಗಿ ಮೇಲ್ಮನವಿ ಮಂಡಲಿಯೊಂದನ್ನೂ ಜೊತೆಯಲ್ಲಿಯೇ ನೇಮಿಸಲಾಯಿತು.

ಆ ನಗರದ ಮಂಡಲಿ ಇಂದು ನೋಡುವ ಅಂಶಗಳು ಐದು. ತೊಂದರೆಯು ಆ ನೆಲದ ವಿಶಿಷ್ಟ ಸ್ವರೂಪದಿಂದಲೇ ಬಂದುದಾಗಿರಬೇಕು. ನಿಯಮದಂತೆ ಕಟ್ಟಿದರೆ ನ್ಯಾಯವಾದ ಪ್ರತಿಫಲ ದೊರೆಯದಂತಿರಬೇಕು. ವಿನಾಯಿತಿಯಿಂದ ನೆರೆಹೊರೆಯ ಸ್ವರೂಪ ಕೆಡಬಾರದು. ತೊಂದರೆಯನ್ನು ಮಾಲೀಕನು ತಾನೇ ತಂದುಕೊಂಡಿರಬಾರದು. ಕೇಳುವ ವಿನಾಯಿತಿ, ತೊಂದರೆ ನಿವಾರಣೆಗೆ ಬೇಕಾದಷ್ಟೇ ಇರಬೇಕು. ಹೆಚ್ಚು ಬಾಡಿಗೆ ಬರಲೆಂಬ ಆಸೆಗೆ ಈ ಐದರಲ್ಲಿ ಎಡೆಯಿಲ್ಲ. ನೆಲಕ್ಕೆ ಬಂದ ಕಷ್ಟಕ್ಕೆ ಮದ್ದುಂಟು, ಮನಸ್ಸಿಗೆ ಬಂದ ಆಸೆಗೆ ಇಲ್ಲ ಎಂಬುದೇ ಇದರ ತಾತ್ಪರ್ಯ.

ಈ ನಾಡಿನ ಕಾನೂನು

ಕರ್ನಾಟಕದಲ್ಲಿ ಈ ವಿಷಯವನ್ನು ಆಳುವ ಮುಖ್ಯ ಶಾಸನಗಳು ಎರಡು: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1964ರ ಪುರಸಭೆಗಳ ಕಾಯಿದೆ. ಮೊದಲನೆಯದರಂತೆ ಸ್ಥಳೀಯ ಯೋಜನಾ ಪ್ರದೇಶಕ್ಕೆ ಯೋಜನಾ ಪ್ರಾಧಿಕಾರವು ಮಹಾಯೋಜನೆಯನ್ನೂ ವಲಯ ನಿಯಮಗಳನ್ನೂ ಸಿದ್ಧಪಡಿಸುತ್ತದೆ. ವಾಸ, ವಾಣಿಜ್ಯ, ಕೈಗಾರಿಕೆಗಳಿಗೆ ಎಲ್ಲೆಲ್ಲಿ ಎಡೆ, ಎಷ್ಟೆಷ್ಟು ಜಾಗ ಬಿಡಬೇಕು ಎಂಬುದೆಲ್ಲ ಅಲ್ಲಿಯೇ ನಿಷ್ಕರ್ಷೆಯಾಗುತ್ತದೆ. ಎರಡನೆಯದರಂತೆ ಕಟ್ಟಡ ಕಟ್ಟುವವನು ನಕ್ಷೆಯೊಡನೆ ಪುರಸಭೆಗೆ ತಿಳಿಸಿ ಪರವಾನಗಿ ಪಡೆಯತಕ್ಕದ್ದು. ಸಾಗುವಳಿಯ ಜಮೀನಾದರೆ ಇವೆರಡಕ್ಕೂ ಮುಂಚೆ 1964ರ ಭೂಕಂದಾಯ ಕಾಯಿದೆಯಂತೆ ಭೂಪರಿವರ್ತನೆಯಾಗಬೇಕು.

ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ವಾಸದ ವಲಯದಲ್ಲಿ ವಾಣಿಜ್ಯ ಕಟ್ಟಡ ಕಟ್ಟಬೇಕೆಂದರೆ ಕೇಳಬೇಕಾದುದು ಭೂ ಉಪಯೋಗದ ಬದಲಾವಣೆ. ಅದಕ್ಕೆ ಸಾರ್ವಜನಿಕ ಪ್ರಕಟಣೆ ಮೊದಲಾದ ಬೇರೆಯ ಕ್ರಮವಿದೆ. ವಾಣಿಜ್ಯ ವಲಯದಲ್ಲಿಯೇ ಇದ್ದು ಬಿಡಬೇಕಾದ ಜಾಗವನ್ನು ಕಡಮೆ ಮಾಡಬೇಕೆಂದರೆ ಅದು ಸೆಟ್‌ಬ್ಯಾಕ್ ವಿನಾಯಿತಿ. ಒಂದನ್ನು ಕೇಳಬೇಕಾದಲ್ಲಿ ಇನ್ನೊಂದನ್ನು ಕೇಳಿ ವರ್ಷಗಟ್ಟಲೆ ಅಲೆಯುವುದು ಯಾರಿಗೂ ಹಿತವಲ್ಲ.

ನ್ಯೂಯಾರ್ಕಿನಲ್ಲಿರುವಂತೆ ಪ್ರತ್ಯೇಕ ಮಂಡಲಿಯೊಂದು ಇಲ್ಲಿನ ಪ್ರತಿಯೊಂದು ಊರಿನಲ್ಲಿಯೂ ಕುಳಿತು ವಿನಾಯಿತಿಯ ಅರ್ಜಿಗಳನ್ನು ಕೇಳುವ ಪದ್ಧತಿಯಿಲ್ಲ. ಸಡಿಲಿಕೆ ಎಷ್ಟಿದ್ದರೂ ಅದು ನಿಯಮದ ಒಳಗೆಯೇ ಇರಬೇಕು. 2003ರ ಬೆಂಗಳೂರು ಮಹಾನಗರ ಪಾಲಿಕೆಯ ಕಟ್ಟಡ ಉಪವಿಧಿಗಳು ಇದಕ್ಕೊಂದು ನಿದರ್ಶನ. ಸೆಟ್‌ಬ್ಯಾಕ್, ನಿವೇಶನದ ವ್ಯಾಪ್ತಿ, ನೆಲವಿಸ್ತೀರ್ಣದ ಅನುಪಾತ, ಎತ್ತರ ಇವುಗಳಲ್ಲಿ ಉಲ್ಲಂಘನೆಯು ಶೇಕಡಾ 5ರ ಒಳಗಿದ್ದು, ಆ ಭಾಗವನ್ನು ಕೆಡವಿದರೆ ಕಟ್ಟಡದ ಭದ್ರತೆಗೇ ಧಕ್ಕೆಯಾಗುವಂತಿದ್ದರೆ, ಆಯುಕ್ತರು ಶುಲ್ಕ ವಿಧಿಸಿ ತಿದ್ದಿದ ನಕ್ಷೆಯನ್ನು ಮಂಜೂರು ಮಾಡಬಹುದೆಂದು ಆ ಉಪವಿಧಿ ಹೇಳಿತು. ಹತ್ತು ಅಡಿಯಲ್ಲಿ ಶೇಕಡಾ 5 ಎಂದರೆ ಆರು ಅಂಗುಲ. ಮೇಸ್ತ್ರಿಯ ದಾರ ಓರೆಯಾದುದಕ್ಕೆ ಅಷ್ಟು ಸಾಲುತ್ತದೆ. ಒಂದು ಮಳಿಗೆಯನ್ನು ಹೊರಕ್ಕೆ ತಳ್ಳಲು ಸಾಲುವುದಿಲ್ಲ.

ಮೂರು ಊರು, ಮೂರು ಬಗೆ

ಕಡೂರು, ತರೀಕೆರೆ, ಅಜ್ಜಂಪುರಗಳು ಒಂದೇ ಜಿಲ್ಲೆಯ ನೆರೆಹೊರೆಯ ಊರುಗಳಾದರೂ ಅವುಗಳ ಕಟ್ಟಡ ಸಮಸ್ಯೆಗಳು ಬೇರೆಬೇರೆ.

ಕಡೂರು ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಹೆಸರು ಕೊಟ್ಟ ಊರು. 1947ರವರೆಗೆ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ, ಬಹುಕಾಲ 206ನೆಯ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ ಹೆದ್ದಾರಿ ಇದರ ಬೆನ್ನೆಲುಬು. 2013ರಲ್ಲಿ ಚಿಕ್ಕಮಗಳೂರಿಗೆ ರೈಲು ಮಾರ್ಗ ತೆರೆದ ಮೇಲೆ ಕಡೂರು ರೈಲುಗಳು ಕವಲೊಡೆಯುವ ನಿಲ್ದಾಣವೂ ಆಯಿತು. ಹೆದ್ದಾರಿ ಇದ್ದಲ್ಲಿ ವ್ಯಾಪಾರವುಂಟು. ಹೆದ್ದಾರಿಗೆ ತನ್ನದೇ ಗೆರೆಗಳೂ ಉಂಟು. 1964ರ ಹೆದ್ದಾರಿಗಳ ಕಾಯಿದೆಯಲ್ಲಿ ಕಟ್ಟಡ ರೇಖೆ, ನಿಯಂತ್ರಣ ರೇಖೆಗಳನ್ನು ಗೊತ್ತುಪಡಿಸುವ ಅಧಿಕಾರ ಸರ್ಕಾರಕ್ಕಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1980ರ ಮಾನದಂಡದಂತೆ, ಊರಿನ ಹೊರಗೆ, ಬಯಲು ನಾಡಿನಲ್ಲಿ, ಹೆದ್ದಾರಿಯ ಎರಡು ಬದಿಯ ಕಟ್ಟಡ ರೇಖೆಗಳ ನಡುವೆ 80 ಮೀಟರ್, ನಿಯಂತ್ರಣ ರೇಖೆಗಳ ನಡುವೆ 150 ಮೀಟರ್ ಅಂತರವಿರತಕ್ಕದ್ದು. ಊರಿನ ಅಂಚಿನಲ್ಲಿ ತೆಂಗಿನ ತೋಟದ ಪಕ್ಕದ ಜಮೀನು ಕೊಂಡು ಹೋಟೆಲು ಕಟ್ಟಲು ಹೊರಟವನಿಗೆ ಪುರಸಭೆಯ ಸೆಟ್‌ಬ್ಯಾಕಿಗಿಂತ ಈ ರೇಖೆಯೇ ಮೊದಲ ಮಾತು. ರೈಲ್ವೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟುವವನು ರೈಲ್ವೆಯ ಒಪ್ಪಿಗೆಯನ್ನೂ ತರಬೇಕಾಗುತ್ತದೆ. ಈ ಗೆರೆಗಳನ್ನು ಸಡಿಲಿಸುವ ಅಧಿಕಾರ ಪುರಸಭೆಯ ಅಧ್ಯಕ್ಷರಿಗಾಗಲಿ ಮುಖ್ಯಾಧಿಕಾರಿಗಾಗಲಿ ಇಲ್ಲವೆಂಬುದನ್ನು ಮರೆಯಬಾರದು.

ತರೀಕೆರೆಯೂ ಅದೇ ಹೆದ್ದಾರಿಯ ಮೇಲಿದೆ. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ತೆರೆದ ರೈಲು ಮಾರ್ಗವೂ ಇದರ ಮೂಲಕವೇ ಹಾದುಹೋಗಿದೆ. ಈ ಊರಿನ ಸಮೀಪದಲ್ಲಿ ಇನ್ನೊಂದು ಬಗೆಯ ಗೆರೆಯೂ ಉಂಟು. ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಅಮೃತಪುರದ ದೇವಾಲಯವು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷಿದ್ಧ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ತರುವಾಯ ಮೊದಲನೆಯದರಲ್ಲಿ ಹೊಸ ಖಾಸಗಿ ಕಟ್ಟಡಕ್ಕೆ ಎಡೆಯೇ ಇಲ್ಲ. ಎರಡನೆಯದರಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಬೇಕು. ಯಾತ್ರಿಕರಿಗಾಗಿ ಮಳಿಗೆ ಕಟ್ಟುವೆನೆಂಬ ಸದುದ್ದೇಶವೂ ಆ ನೂರು ಮೀಟರಿನೊಳಗೆ ನಡೆಯದು.

ಅಜ್ಜಂಪುರದ ಕಥೆ ಬೇರೆ. ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಊರು 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿ ತಾಲ್ಲೂಕು ಕೇಂದ್ರವಾಯಿತು. ಈರುಳ್ಳಿಯ ವ್ಯಾಪಾರಕ್ಕೂ ಅಮೃತಮಹಲ್ ತಳಿಯ ರಾಸುಗಳಿಗೂ ಹೆಸರಾದ ಊರಿಗೆ ಕಚೇರಿಗಳು ಬಂದರೆ ಅವುಗಳ ಹಿಂದೆಯೇ ಪತ್ರ ಬರೆಯುವವರು, ವಕೀಲರು, ಹೋಟೆಲುಗಳು, ಮಳಿಗೆಗಳು ಬರುವುದು ಸಹಜ. ಹಳೆಯ ಪೇಟೆಗಳಲ್ಲಿ ಈಗಾಗಲೇ ಕೈತಪ್ಪಿರುವ ಅವಕಾಶ ಬೆಳೆಯುತ್ತಿರುವ ಊರಿನಲ್ಲಿ ಇನ್ನೂ ಉಳಿದಿರುತ್ತದೆ. ಮೊದಲು ಕಟ್ಟುವ ಹತ್ತು ಜನ ಎಲ್ಲಿ ಗೋಡೆ ನಿಲ್ಲಿಸುತ್ತಾರೋ ಅಲ್ಲಿಯೇ ಮುಂದಿನ ನೂರು ಜನರ ಗೋಡೆಯೂ ನಿಲ್ಲುತ್ತದೆ. ಹನ್ನೊಂದನೆಯವನು ‘ಅವನಿಗೊಂದು ನ್ಯಾಯ, ನನಗೊಂದು ನ್ಯಾಯವೆ?’ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಉಡುಪಿಯ ಚಿತ್ರಮಂದಿರ

ಪುರಸಭೆಯೇ ಒಪ್ಪಿಗೆ ಕೊಟ್ಟ ಮೇಲೆ ಇನ್ನೇನು ಭಯವೆನ್ನುವವರು ಉಡುಪಿಯ ಒಂದು ಪ್ರಸಂಗವನ್ನು ತಿಳಿಯಬೇಕು. ಆ ಊರಿಗೆ ನಗರ ಯೋಜನೆಯೊಂದು ಜಾರಿಯಲ್ಲಿದ್ದಿತು. ವಾಸದ ಪ್ರದೇಶದಲ್ಲಿ ಕಲ್ಯಾಣಮಂಟಪ ಹಾಗೂ ಉಪನ್ಯಾಸ ಮಂದಿರ ಕಟ್ಟಲು ಪರವಾನಗಿ ಪಡೆದವರೊಬ್ಬರು, ಅದನ್ನೇ ಚಿತ್ರಮಂದಿರವಾಗಿ ಮಾರ್ಪಡಿಸಲು ಪುರಸಭೆಯಿಂದ ಒಪ್ಪಿಗೆ ಪಡೆದರು. ನೆರೆಯ ನಿವಾಸಿಯೊಬ್ಬರು ನ್ಯಾಯಾಲಯದ ಮೊರೆಹೊಕ್ಕರು. ಒಪ್ಪಿಗೆಯು ಯೋಜನೆಗೆ ವಿರುದ್ಧವೆಂಬುದನ್ನು ಉಚ್ಚ ನ್ಯಾಯಾಲಯವು ಕಂಡರೂ, ಕಟ್ಟಿದವರು ಆಗಲೇ ಹಣ ಸುರಿದಿದ್ದಾರೆಂಬ ಕಾರಣದಿಂದ ಅದನ್ನು ರದ್ದುಮಾಡಲು ಹಿಂಜರಿಯಿತು.

1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಿಂಜರಿಕೆಯನ್ನು ಒಪ್ಪಲಿಲ್ಲ. ತನ್ನ ನೆಲದಲ್ಲಿ ಕಟ್ಟುವ ಹಕ್ಕು ಒಡೆತನದ ಜೊತೆಗೇ ಬರುವುದು ದಿಟ. ಆದರೆ ಊರಿನ ಸಮುದಾಯದ ಹಿತಕ್ಕಾಗಿ ಆ ಹಕ್ಕಿಗೆ ಕಟ್ಟು ಬಿದ್ದಿದೆ. ಪುರಸಭೆಯು ತನಗಿಲ್ಲದ ಅಧಿಕಾರವನ್ನು ಚಲಾಯಿಸಿದರೆ ಅಂಥ ಒಪ್ಪಿಗೆಗೆ ಬೆಲೆಯಿಲ್ಲ. ಯಾರೋ ಸುಮ್ಮನಿದ್ದ ಮಾತ್ರಕ್ಕೆ, ಹಣ ಖರ್ಚಾದ ಮಾತ್ರಕ್ಕೆ ಅದು ಸಿಂಧುವಾಗದು. ಇದು ಆ ತೀರ್ಪಿನ ಸಾರಾಂಶ. ಕಟ್ಟುವವನ ಪಾಲಿಗೆ ಇದರ ಅರ್ಥ ಭಯಂಕರವಾದುದು. ತಪ್ಪಾಗಿ ಕೊಟ್ಟ ವಿನಾಯಿತಿಯ ಕಾಗದವನ್ನು ನಂಬಿ ಸುರಿದ ಹಣಕ್ಕೆ ಆ ಕಾಗದವೇ ರಕ್ಷೆಯಾಗದು. ಆದಕಾರಣ ‘ಕೊಡುತ್ತಾರೆಯೆ?’ ಎಂದು ಕೇಳಿದರೆ ಸಾಲದು. ‘ಕೊಡಲು ಅವರಿಗೆ ಅಧಿಕಾರವಿದೆಯೆ?’ ಎಂಬುದನ್ನೂ ಕೇಳಬೇಕು.

ಕಟ್ಟಿದ ಮೇಲೆ ಕೇಳುವವರು

ಮೊದಲು ಕಟ್ಟಿ ಆಮೇಲೆ ದಂಡ ತೆತ್ತು ಸಕ್ರಮ ಮಾಡಿಸಿಕೊಂಡರಾಯಿತೆಂಬ ನಂಬಿಕೆ ಊರೂರುಗಳಲ್ಲಿ ಬಲವಾಗಿದೆ. ಈ ನಂಬಿಕೆಗೆ ಸರ್ಕಾರದ ‘ಅಕ್ರಮ ಸಕ್ರಮ’ ಯೋಜನೆಯೇ ನೀರೆರೆದಿತೆಂದರೆ ತಪ್ಪಾಗಲಾರದು. ಯೋಜನಾ ಕಾಯಿದೆಗೆ ಸೇರಿಸಿದ ಕಲಮಿನಂತೆ 2014ರಲ್ಲಿ ನಿಯಮಗಳು ಹೊರಟವು. ವಾಸದ ಕಟ್ಟಡಗಳಲ್ಲಿ ಶೇಕಡಾ 50ರವರೆಗಿನ, ವಾಣಿಜ್ಯವೇ ಮುಂತಾದ ಇತರ ಕಟ್ಟಡಗಳಲ್ಲಿ ಶೇಕಡಾ 25ರವರೆಗಿನ ಉಲ್ಲಂಘನೆಯನ್ನು, ಅದು 19 ಅಕ್ಟೋಬರ್ 2013ಕ್ಕೆ ಮುಂಚಿನದಾಗಿದ್ದರೆ, ಶುಲ್ಕ ಪಡೆದು ಸಕ್ರಮಗೊಳಿಸುವುದೆಂದಾಯಿತು. ನಿಯಮ ಪಾಲಿಸಿದವನು ಮೂರ್ಖನಾದನೆಂಬ ಆಕ್ಷೇಪಣೆಯೊಡನೆ ವಿಷಯ ನ್ಯಾಯಾಲಯಕ್ಕೆ ಹೋಯಿತು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಯೋಜನೆಯನ್ನು ಎತ್ತಿಹಿಡಿಯಿತು; 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಹಿಡಿಯಿತು. ಸಕ್ರಮದ ಭರವಸೆಯಲ್ಲಿ ಕಟ್ಟಿದವರಿಗೆ ಕೈಗೆ ಬಂದುದು ಕಾಯುವ ಭಾಗ್ಯ.

ಒಡಿಶಾದ ಕಟಕ್ ನಗರದ ಬಹುಮಹಡಿ ಕಟ್ಟಡವೊಂದರ ವಿಷಯದಲ್ಲಿ 2004ರಲ್ಲಿ ಅದೇ ನ್ಯಾಯಾಲಯವು, ಪ್ರಾಮಾಣಿಕವಾದ ಸಣ್ಣಪುಟ್ಟ ತಪ್ಪುಗಳಿಗೆ ಮಾತ್ರ ರಾಜಿ ಸಲ್ಲತಕ್ಕದ್ದು, ತಿಳಿದೂ ತಿಳಿದೂ ಮಾಡಿದ ಉಲ್ಲಂಘನೆಗೆ ಅಲ್ಲ ಎಂದು ಎಚ್ಚರಿಸಿತು. 17 ಡಿಸೆಂಬರ್ 2024ರ ತೀರ್ಪು ಇನ್ನೂ ಮುಂದೆ ಹೋಯಿತು. ಮಂಜೂರಾದ ನಕ್ಷೆಯನ್ನು ಕಟ್ಟುವ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕು. ಪೂರ್ಣತೆಯ ಪ್ರಮಾಣಪತ್ರವನ್ನು ಹಾಜರುಪಡಿಸಿದ ಮೇಲೆಯೇ ವಿದ್ಯುತ್ತು, ನೀರುಗಳ ಸಂಪರ್ಕ ಕೊಡಬೇಕು. ಬ್ಯಾಂಕುಗಳು ಕಟ್ಟಡವನ್ನು ಆಧಾರವಾಗಿಟ್ಟುಕೊಂಡು ಸಾಲ ಕೊಡುವಾಗಲೂ ಆ ಪತ್ರವನ್ನು ಪರಿಶೀಲಿಸಬೇಕು ಎಂದು ದೇಶಕ್ಕೆಲ್ಲ ಅನ್ವಯಿಸುವ ಆಜ್ಞೆಗಳು ಹೊರಟವು. ಎಂದಮೇಲೆ ಆ ಮೂರಡಿಯ ಲಾಭಕ್ಕಾಗಿ ದೀಪವಿಲ್ಲದ ಮಳಿಗೆಯನ್ನು ಕಟ್ಟುವುದು ಬುದ್ಧಿವಂತಿಕೆಯೆನಿಸದು.

ಕೇಳುವ ಬಗೆ

ಹಾಗಾದರೆ ಹದಿನೆಂಟು ಅಡಿಯ ವರ್ತಕನು ಮಾಡಬೇಕಾದುದೇನು? ಮೊತ್ತಮೊದಲು, ಪಾಯ ತೋಡುವುದಕ್ಕೆ ಮುಂಚೆ, ತನ್ನ ನಿವೇಶನ ಯಾವ ವಲಯದಲ್ಲಿದೆ, ಎದುರಿನ ರಸ್ತೆ ಯಾರ ಅಧೀನದಲ್ಲಿದೆ, ಅದನ್ನು ಎಷ್ಟು ಅಗಲಗೊಳಿಸುವ ಉದ್ದೇಶ ಮಹಾಯೋಜನೆಯಲ್ಲಿದೆ ಎಂಬುದನ್ನು ಲಿಖಿತವಾಗಿ ತಿಳಿಯಬೇಕು. ಎರಡನೆಯದಾಗಿ, ಮೋಜಣಿ ಮಾಡಿಸಿ ಗಡಿಯನ್ನು ಖಚಿತಪಡಿಸಿಕೊಳ್ಳಬೇಕು. ಗಡಿಯೇ ತಪ್ಪಾದರೆ ಬಿಟ್ಟ ಜಾಗವೂ ತಪ್ಪು. ಮೂರನೆಯದಾಗಿ, ತನ್ನಂಥ ಚಿಕ್ಕ ನಿವೇಶನಕ್ಕೆ ನಿಯಮದಲ್ಲಿಯೇ ಕಡಮೆ ಅಳತೆ ಇದೆಯೆ ಎಂದು ಓದಿಸಬೇಕು. ಚಿಕ್ಕ ನಿವೇಶನಕ್ಕೆ ಚಿಕ್ಕ ಸೆಟ್‌ಬ್ಯಾಕ್ ಎಂಬುದು ಉಪವಿಧಿಗಳ ಸಾಮಾನ್ಯ ಕ್ರಮ. ಇಷ್ಟಾದ ಮೇಲೂ ತೊಂದರೆ ಉಳಿದರೆ, ಆ ತೊಂದರೆ ನೆಲದ್ದೆಂಬುದನ್ನು ಅಳತೆಯ ನಕ್ಷೆಯಿಂದ ತೋರಿಸಿ, ಎಷ್ಟು ಬೇಕೋ ಅಷ್ಟನ್ನೇ ಕೇಳಬೇಕು. ನೆರೆಯವನ ಒಪ್ಪಿಗೆ ಪತ್ರ ಒಳ್ಳೆಯದೇ. ಆದರೆ ಅದು ನಿಯಮದ ಸ್ಥಾನದಲ್ಲಿ ನಿಲ್ಲಲಾರದು. ಬೆಂಕಿ ಒಪ್ಪಿಗೆ ಪತ್ರವನ್ನು ಓದುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಹಳೆಯ ಪೇಟೆಗಳಿಗೆ ಅದೇ ಹೆಚ್ಚು ಹೊಂದುತ್ತದೆ. ಪಕ್ಕದ ನಿವೇಶನದವನೂ ಹದಿನೆಂಟು ಅಡಿಯ ಸಂಕಟದವನೇ ಆಗಿದ್ದರೆ, ಇಬ್ಬರೂ ನಿವೇಶನಗಳನ್ನು ಕಾನೂನಿನಂತೆ ಒಂದುಗೂಡಿಸಿ ಒಂದೇ ಕಟ್ಟಡ ಕಟ್ಟಬಹುದು. ಅಗಲ ಮೂವತ್ತಾರು ಅಡಿಯಾಗುತ್ತದೆ. ಮೇಲೆ ಹಿಡಿದ ಅಳತೆಗಳೇ ಅನ್ವಯಿಸುವುದಾದರೆ ಮೂವತ್ತು ಅಡಿ ಅಗಲ, ಐವತ್ತೈದು ಅಡಿ ಉದ್ದ, ಎಂದರೆ 1,650 ಚದರಡಿ ದೊರೆಯುತ್ತದೆ. ತಲೆಗೆ 825. ಬೇರೆಬೇರೆಯಾಗಿ ಕಟ್ಟಿದ್ದರೆ ದೊರೆಯುತ್ತಿದ್ದುದು 660. ಯಾವ ವಿನಾಯಿತಿಯೂ ಇಲ್ಲದೆ, ಯಾರ ಬಾಗಿಲನ್ನೂ ಕಾಯದೆ, ಇಬ್ಬರಿಗೂ ನೂರ ಅರವತ್ತೈದು ಚದರಡಿ ಲಾಭ. ಅದಕ್ಕೆ ಬೇಕಾದುದು ಇಬ್ಬರು ನೆರೆಯವರು ಒಂದು ಕಾಗದಕ್ಕೆ ಸಹಿ ಹಾಕುವಷ್ಟು ವಿಶ್ವಾಸ; ಹಳೆಯ ಗೋಡೆಯ ವ್ಯಾಜ್ಯಗಳಿರುವ ಪೇಟೆಯಲ್ಲಿ ಅದು ಪರವಾನಗಿಗಿಂತಲೂ ದುರ್ಲಭವಾಗಿರುವುದುಂಟು.

ಅಧಿಕಾರ ಸ್ಥಾನದಲ್ಲಿರುವವರ ಕರ್ತವ್ಯವೂ ಕಡಮೆಯದಲ್ಲ. ನಿಯಮಗಳನ್ನು ಸಾಮಾನ್ಯನಿಗೆ ತಿಳಿಯುವ ಕನ್ನಡದಲ್ಲಿ ಅಚ್ಚುಮಾಡಿಸಿ ಪುರಸಭೆಯ ಗೋಡೆಯ ಮೇಲೆ ತೂಗುಹಾಕಿದರೆ ಅರ್ಧ ಅಲೆದಾಟ ತಪ್ಪುತ್ತದೆ. ಅರ್ಜಿಗೆ ‘ಇಲ್ಲ’ ಎನ್ನುವುದಿದ್ದರೆ ಕಾರಣ ಬರೆದು ಬೇಗನೆ ಹೇಳಿದರೆ ಇನ್ನರ್ಧ ತಪ್ಪುತ್ತದೆ. ಉತ್ತರವೇ ಬಾರದ ಅರ್ಜಿಯೇ ಎಷ್ಟೋ ಮಂದಿಯನ್ನು ರಾತ್ರೋರಾತ್ರಿ ಗೋಡೆಯೆಬ್ಬಿಸುವಂತೆ ಮಾಡುವುದು.

ಕಡೂರಿನ ವರ್ತಕನ ನಕ್ಷೆ ಇನ್ನೂ ಮೇಜಿನ ಮೇಲಿದೆ. ಅವನು ಕಟ್ಟುವ ಕಟ್ಟಡ ಅವನ ಕಾಲಕ್ಕೆ ಮುಗಿಯುವುದಲ್ಲ. ಮಗನ ಕಾಲಕ್ಕೆ ರಸ್ತೆ ಅಗಲವಾಗಬಹುದು, ಪಾಲು ಆಗಬಹುದು, ಮಾರುವ ಪ್ರಸಂಗ ಬರಬಹುದು. ಆಗ ಕೊಳ್ಳಲು ಬಂದವನು ಮೊದಲು ಕೇಳುವುದು ಮಂಜೂರಾದ ನಕ್ಷೆಯನ್ನು. ಮಕ್ಕಳ ಕೈಗೆ ಬರುವುದು ಕಟ್ಟಡವೋ ಮೊಕದ್ದಮೆಯೋ ಎಂಬುದು ಇಂದು ಪಾಯದ ದಾರ ಕಟ್ಟುವ ಗೂಟ ಎಲ್ಲಿ ಊರುವುದೆಂಬುದನ್ನು ಅವಲಂಬಿಸಿದೆ. ತಂದೆಯ ಮನೆಗೆ ಜಗಲಿಯಿದ್ದಿತೆಂಬುದನ್ನು ಅವನು ಆ ಬೆಳಿಗ್ಗೆ ನೆನೆದರೆ, ಗೂಟ ತಾನಾಗಿಯೇ ಸರಿಯಾದ ಸ್ಥಳದಲ್ಲಿ ಊರಲ್ಪಡುತ್ತದೆ.